ಮಂಗಳಾರತಿಗೆ ಒಲಿದ ನಿಕಲ್ ಮಹಾಶಯರಿಗೆ

ಚಿತ್ರದುರ್ಗ
ನವೆಂಬರ್ 2007

ನಮ್ಮ ಕಾಲೇಜಿನ ಪ್ರಯೋಗಾಲಯದ ಮೂಲೆ ಮೇಜಿನ ಮೇಲೆ ಸದಾ ಆಸೀನರಾಗಿರುವ, ಹಸಿರು ಮೈಯ, ಈಚೆಗೆ ಕರಿ ಮುಖದ, ಗಾತ್ರದಲ್ಲಿ ಉಗುರಿನಷ್ಟಿದ್ದರೂ ಗತ್ತಿನಲ್ಲಿ ಕೋಟೆಯ ಹೆಬ್ಬಾಗಿಲಿಗೂ ಬಗ್ಗದ ನಿಕಲ್ ಎಲೆಕ್ಟ್ರೋಡ್ ಮಹಾಶಯರ ಸನ್ನಿಧಾನಕ್ಕೆ, ಸಂಶೋಧನಾ ವಿದ್ಯಾರ್ಥಿನಿ ಯಶೋಧಾ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಮೀಟರು ಹೇಳುತ್ತಿದೆ, ನಾನು ಕ್ಷೇಮವಿಲ್ಲ. ತಮ್ಮನ್ನು ನಂಬಿ ಬರೆದ ಪಿಎಚ್.ಡಿ. ಪ್ರಬಂಧವನ್ನು ಈ ತಿಂಗಳ ಕೊನೆಯೊಳಗೆ ಒಪ್ಪಿಸದಿದ್ದರೆ ನನ್ನ ನೋಂದಣಿಯೇ ರದ್ದಾಗಿ, ಇಷ್ಟು ವರ್ಷಗಳ ದುಡಿಮೆ ನೀರಿನಲ್ಲಿ ಹೋಮವಾಗುತ್ತದೆ. ಶ್ರೀರಾಂಪುರದಲ್ಲಿರುವ ನನ್ನ ಅವ್ವ ಹೊನ್ನಕ್ಕನಂತೂ ಊರಿಗೆ ಹೋದಾಗಲೆಲ್ಲ, "ಡಾಕ್ಟ್ರಾಗ್ತೀನಿ ಅಂತ ಹೋದೋಳಿಗೆ ಒಂದು ಸೂಜಿ ಹಾಕಕ್ಕೂ ಬರಲ್ಲ, ಅದೇನು ಓದ್ತಿದ್ದೀಯೇ ತಾಯಿ?" ಎಂದು ಬಸ್ ಸ್ಟ್ಯಾಂಡಿನಲ್ಲೇ ಕೇಳುತ್ತಾಳೆ.

ಬ್ಯಾಟರಿಯಂತೆ ಗಂಟೆಗಟ್ಟಲೆ ಕಾಯಿಸದೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕರೆಂಟನ್ನು ನುಂಗಿ, ಬೇಕೆಂದಾಗ ಕೊಡುವ ಸೂಪರ್ ಕೆಪಾಸಿಟರಿಗೆ ತಾವೇ ಜೀವಾಳವೆಂದು ಪುಸ್ತಕಗಳು ಹೊಗಳುತ್ತವೆ. ನುಂಗುವ ಭಾಗವನ್ನು ತಾವು ಚಾಚೂ ತಪ್ಪದೆ ಪಾಲಿಸಿದ್ದೀರಿ. ಕೊಡುವ ಹೊತ್ತಿಗೆ ಮಾತ್ರ, ಮದುವೆಯಲ್ಲಿ ಉಂಡು ಮುಯ್ಯಿ ಬರೆಸುವಾಗ ಮಾಯವಾಗುವ ನೆಂಟರ ಹಾಗೆ ಕಾಣೆಯಾಗುತ್ತಿದ್ದಿರಿ. ಕರೆಂಟು ಹೋದಾಗ ಬೆಳಕು ಕೊಡಬೇಕಾದ ತಮ್ಮನ್ನು ಬೇಯಿಸಲು ಹಗಲಿಡೀ ಕರೆಂಟು ಹೋಗದೇ ಇರಬೇಕಾಗಿತ್ತು ಎಂಬುದು ತಮ್ಮ ಇನ್ನೊಂದು ದೊಡ್ಡಗುಣ. ಓವನ್ ಆರಿದಾಗಲೆಲ್ಲ ಅಟೆಂಡರ್ ಚಿತ್ತಪ್ಪ, "ಅರೆಬೆಂದೈತೆ ಕಣ್ರಿ ಮೇಡಂ, ಎತ್ತಿ ಬಿಸಾಕ್ರಿ" ಎನ್ನುತ್ತಿದ್ದ.

ಹೀಗಿರುವಾಗ ಆಯುಧಪೂಜೆ ಬಂತು. ತಮ್ಮ ಬಳಗವನ್ನೆಲ್ಲ ಉಪಕರಣಗಳ ಜೊತೆ ಸಾಲಾಗಿ ಜೋಡಿಸಿ, ಸ್ಕ್ರೂಡ್ರೈವರಿಗೂ ಬಿಡದೆ ಕುಂಕುಮ ಹಚ್ಚಿದೆವು. ಹಿರಿಯರೇ ಆರತಿ ಎತ್ತುವುದು ನಮ್ಮಲ್ಲಿ ರೂಢಿಯಾದ್ದರಿಂದ, ಹಿರಿಯೂರಿನಿಂದ ಹೊಳಲ್ಕೆರೆಯವರೆಗೆ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿ ಶಾಲು ಹೊದಿಸಿಕೊಂಡು ಬರುವ ನನ್ನ ಗೈಡ್ ಪ್ರೊಫೆಸರ್ ಕಾಟಲಿಂಗಪ್ಪನವರ ಕೈಗೇ ಕರ್ಪೂರದ ತಟ್ಟೆ ಹೋಯಿತು. ಅವರು "ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ" ಎನ್ನುತ್ತಲೇ ಕಣ್ಣು ಮುಚ್ಚಿದರು. ಮುಚ್ಚಿದವರು ತೆರೆಯಲಿಲ್ಲ. ತಟ್ಟೆಯಲ್ಲಿನ ಕರ್ಪೂರ ಉರಿದು ಮುಗಿಯುವವರೆಗೂ ಅದರ ಹೊಗೆಯೆಲ್ಲ ಸಾಲಿನ ಕೊನೆಯಲ್ಲಿದ್ದ ತಮ್ಮೊಬ್ಬರ ಮುಖಕ್ಕೇ ಬಡಿದು, ತಾವು ಮಸಿಯಾದಿರಿ.

ಮರುದಿನ ಪರೀಕ್ಷಿಸಿದರೆ ತಮ್ಮ ಬಳಗದವರೆಲ್ಲ ಎಂದಿನಂತೆ ಕೈಯೆತ್ತಿದರು. ತಾವೊಬ್ಬರು ಮಾತ್ರ, ಅಬ್ಬಬ್ಬಾ, ಪುಟ್ಟ ಎಲ್‌ಇಡಿ ದೀಪವನ್ನು ನಾನು ಊಟ ಮುಗಿಸಿ ಬರುವವರೆಗೂ ಉರಿಸುತ್ತಲೇ ಇದ್ದಿರಿ! ನನಗೆ ಕುಣಿಯುವಷ್ಟು ಸಂತೋಷವಾಯಿತು. "ದೇವ್ರು ಒಲಿದ ಬಿಡ್ರಿ" ಎಂದು ಚಿತ್ತಪ್ಪ ಕೈ ಮುಗಿದ. ನಾನು ಕೈ ಮುಗಿಯುವ ಬದಲು, ಒಂದಷ್ಟು ಎಲೆಕ್ಟ್ರೋಡುಗಳಿಗೆ ಬರೀ ಕುಂಕುಮ, ಇನ್ನೊಂದಷ್ಟಕ್ಕೆ ಬರೀ ಹೊಗೆ ಕೊಟ್ಟು ನೋಡಿದೆ. ಕುಂಕುಮದವು ಮಲಗಿದವು, ಹೊಗೆಯವು ಬೆಳಗಿದವು. ಎಷ್ಟು ಸಲ ಮಾಡಿದರೂ ಅದೇ ಫಲ. ದೇವರಲ್ಲ, ಮಸಿ. ಆ ಮಸಿಯ ಇಂಗಾಲ ತಮ್ಮ ಮೈಮೇಲೆ ಕರೆಂಟು ಓಡಾಡಲು ದಾರಿ ಮಾಡಿಕೊಟ್ಟಿತ್ತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಸುಳ್ಳಲ್ಲ, ಮಾನ್ಯರೇ. ವಿಷಯ ಕೇಳಿದ್ದೇ ಗೈಡ್ ಸಾಹೇಬರು ಬಾಗಿಲು ಹಾಕಿ, "ಕರ್ಪೂರ ಅಂತ ಬರದೀಯಮ್ಮ, ನನ್ನ ಮಾನ ಹೋಗ್ತೈತೆ! ವಿಶೇಷ ಇಂಗಾಲ ಲೇಪನ ಅಂತ ಬರಿ, ಸಾಕು" ಎಂದರು. ಹಾಗೆ ಬರೆದರೆ ಅದನ್ನು ಓದಿ ತಮ್ಮಂಥವರನ್ನು ಇನ್ನೊಬ್ಬರು ತಯಾರಿಸಲಾರರು. ಪರೀಕ್ಷಕರು ಹೇಗೆ ಲೇಪಿಸಿದೆ ಎಂದು ಕೇಳಿದರೆ ನಾನು ಸುಳ್ಳಿಯಾಗುತ್ತೇನೆ. ಹಾಗೆ ಬರೆಯದಿದ್ದರೆ ಗೈಡ್ ಸಾಹೇಬರ ರುಜು ಇಲ್ಲ, ರುಜು ಇಲ್ಲದೆ ಪ್ರಬಂಧವಿಲ್ಲ. ಆದ್ದರಿಂದ ತಾವು ದಯಮಾಡಿ ಒಂದೋ ಕರ್ಪೂರವಿಲ್ಲದೆ ಬೆಳಗುವ ಕೃಪೆ ಮಾಡಬೇಕು, ಇಲ್ಲವೇ ಗೈಡ್ ಸಾಹೇಬರ ಕನಸಿನಲ್ಲಿ ಬಂದು ಬುದ್ಧಿ ಹೇಳಬೇಕು. ಎರಡೂ ತಮ್ಮಿಂದಾಗದೆಂದು ಗೊತ್ತು. ನುಂಗುವುದೊಂದು ಬಿಟ್ಟು ತಮಗೆ ಏನು ತಾನೇ ಬರುತ್ತದೆ?

ಆದ್ದರಿಂದ ಮೂರನೆಯ ಅಧ್ಯಾಯದಲ್ಲಿ ನಾನು ಕರ್ಪೂರವೆಂದೇ ಬರೆದಿದ್ದೇನೆ. ತಟ್ಟೆ ಹಿಡಿದವರ ಹೆಸರನ್ನೂ.

ಇನ್ನೂ ಡಾಕ್ಟರಾಗದ, ಮೂಗಿನ ತುಂಬ ಮಸಿ ತುಂಬಿಕೊಂಡ
ತಮ್ಮ ವಿಶ್ವಾಸಿ
ಯಶೋಧಾ

ವಿ.ಸೂ.: ಗೈಡ್ ಸಾಹೇಬರು ಇಂದು ಬೆಳಿಗ್ಗೆ ಹೊಸದುರ್ಗದ ಭಾಷಣಕ್ಕೆ ಹೊರಡುವ ಅವಸರದಲ್ಲಿ, ಪ್ರಬಂಧದ ಮೇಲಿದ್ದ ಟೀ ಲೋಟವನ್ನು ಪಕ್ಕಕ್ಕಿಟ್ಟು ರುಜು ಹಾಕಿದರು. ಇಷ್ಟು ವರ್ಷಗಳಲ್ಲಿ ನಾನು ಬರೆದ ಒಂದು ಪುಟವನ್ನೂ ಓದದ ಅವರ ಸದಭ್ಯಾಸಕ್ಕೆ ನಾನು ಚಿರಋಣಿ.