ನಾಲ್ಕನೆಯ ಮಂಚಕ್ಕೆ ಮೂವತ್ತೊಂದು ಪ್ರಶ್ನೆ

ಬಾಡಿಗೆಗೆ ಮನೆ ಕೊಡುವವರ ಮೇಲೆ ನನಗಿರುವ ಸಿಟ್ಟು ಇಂದು ನಿನ್ನೆಯದಲ್ಲ. ಸರಿಯಾಗಿ ಹನ್ನೊಂದು ತಿಂಗಳಿನದು. ಕೆಲಸಕ್ಕೆಂದು ಈ ಮಹಾನಗರಕ್ಕೆ ಬಂದಿಳಿದ ನಾವು ನಾಲ್ವರು ಹುಡುಗಿಯರು ಆಗ ಏಳು ಮನೆಗಳ ಮೆಟ್ಟಿಲು ಹತ್ತಿದೆವು. ಏಳು ಕಡೆಯೂ ಬಾಗಿಲಲ್ಲೇ ನಿಲ್ಲಿಸಿ ವಿಚಾರಣೆ. ಎಷ್ಟು ಹೊತ್ತಿಗೆ ಏಳ್ತೀರಿ? ತಲೆಕೂದಲು ಉದುರುತ್ತಾ? ಜಾಸ್ತಿ ನಗ್ತೀರಾ? (ನಗುವುದಕ್ಕೂ ಮೀಟರು ಕೂರಿಸಿದ್ದರೋ ಏನೋ!) ಒಬ್ಬ ಮಹಾನುಭಾವನಂತೂ ನನ್ನ ಚಪ್ಪಲಿಯನ್ನೇ ತಿರುಗಿಸಿ ನೋಡಿ, "ಹಿಮ್ಮಡಿ ಸವೆದಿದೆ. ನೀವು ಕುಟ್ಟಿಕೊಂಡು ನಡೆಯೋರು. ಕೆಳಗಿನ ಮನೆಯವರಿಗೆ ಆಗಲ್ಲ" ಎಂದು ತೀರ್ಪು ಕೊಟ್ಟು ಬಾಗಿಲು ಹಾಕಿಕೊಂಡ.

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಬೇರೆಯವರ ತಪ್ಪು ಕಂಡರೆ ಸುಮ್ಮನಿರಲು ನನ್ನ ಕೆಲಸವೂ ಬಿಡುವುದಿಲ್ಲ, ಸ್ವಭಾವವೂ ಬಿಡುವುದಿಲ್ಲ. ಆ ಏಳು ಮನೆಗಳಲ್ಲಿ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕ್ರಮಸಂಖ್ಯೆ ಹಾಕಿ ಬರೆದಿಟ್ಟೆ. ಒಟ್ಟು ಮೂವತ್ತೊಂದು. ಪತ್ರಿಕೆಗೆ ಬೆಂಕಿಯಂಥದೊಂದು ಲೇಖನ ಬರೆದು ಸಮಸ್ತ ಮಾಲೀಕಕುಲದ ನೀರಿಳಿಸಬೇಕೆಂಬುದು ನನ್ನ ಘನ ಸಂಕಲ್ಪವಾಗಿತ್ತು.

ಎಂಟನೆಯ ಮನೆ ಸಿಕ್ಕಿತು. ಮೂರನೇ ಮಹಡಿ, ಒಂದು ಉದ್ದನೆಯ ಕೋಣೆ, ನಾಲ್ಕು ಕಬ್ಬಿಣದ ಮಂಚ, ಕಿರುಗುಟ್ಟುವ ಒಂದು ಕಿಟಕಿ. ಜೊತೆಯವರಲ್ಲಿ ಒಬ್ಬಳು ನರ್ಸು. ಇನ್ನೊಬ್ಬಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಮಾತು ಬಿಸಿಯಾದರೆ ಕೂತಲ್ಲೇ ಬಲಗಾಲು ನೆಲಕ್ಕೆ ಒತ್ತುವ ಅವಳಿಗೆ ನಾವಿಟ್ಟ ಹೆಸರು ಬ್ರೇಕು. ನಾಲ್ಕನೆಯವಳು ಹೋದ ತಿಂಗಳು ವರ್ಗವಾಗಿ ಬೇರೆ ಊರಿಗೆ ಹೋದಳು. ಅವಳ ಹಾಸಿಗೆ ಮಡಚಿಟ್ಟ ದಿನವೇ ಓನರಮ್ಮ ಮೇಲೆ ಬಂದರು.

"ಭಾನುವಾರ ಸಂಜೆಯೊಳಗೆ ನೀವೇ ಯಾರನ್ನಾದ್ರೂ ಹುಡುಕ್ಕೊಳ್ಳಿ. ಇಲ್ಲ ಅಂದ್ರೆ ನಮ್ಮಕ್ಕ ಬರ್ತಾಳೆ. ಮೂವತ್ತು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ಲು, ಈಗ ರಿಟೈರು. ನಿಮಗೂ ಹಿರಿಯರು ಅಂತ ಒಬ್ರು ಇದ್ದ ಹಾಗಾಗತ್ತೆ."

ವಾರ್ಡನ್! ನಮ್ಮ ಮೂವರ ಮುಖದಲ್ಲೂ ರಕ್ತವಿಲ್ಲ. ಮಂಚದ ಮೇಲೆ ಕೂತು ಊಟ ಮಾಡುವುದು, ರಜೆಯ ದಿನ ಮಧ್ಯಾಹ್ನದವರೆಗೆ ತಲೆ ಬಾಚದಿರುವುದು, ಬ್ರೇಕು ತನ್ನ ಕತ್ತೆಗಂಟಲಲ್ಲಿ ಹಾಡುವುದು: ಇದಿಷ್ಟು ಸ್ವಾತಂತ್ರ್ಯಕ್ಕಾಗಿ ನಾವು ಎಷ್ಟು ಕಷ್ಟಪಟ್ಟಿದ್ದೇವೆ! ಕೆಳಗಿನ ಕಿರಾಣಿ ಅಂಗಡಿಯ ಗೋಡೆಗೂ ನರ್ಸಿನ ಆಸ್ಪತ್ರೆಯ ಕ್ಯಾಂಟೀನಿಗೂ ಚೀಟಿ ಅಂಟಿಸಿದೆವು. ಭಾನುವಾರ ಬೆಳಗ್ಗೆ ಮೂವರು ಬರುವುದೆಂದಾಯಿತು.

"ಪ್ರಶ್ನೆ ನಾನು ಕೇಳ್ತೀನಿ. ನೀವಿಬ್ರೂ ನಡುವೆ ಬಾಯಿ ಹಾಕಬಾರದು" ಎಂದು ಹೇಳಿ ನೋಟ್‌ಬುಕ್ಕು ತೆಗೆದೆ.

ನರ್ಸು ಬಗ್ಗಿ ನೋಡಿದಳು. "ಲೇ, ಇದು ಆ ಓನರ್‌ಗಳ ಪ್ರಶ್ನೆ ಅಲ್ವೇನೇ? ಅವರನ್ನ ಬೈದು ಬರೀತೀನಿ ಅಂತಿದ್ದೆ?"

"ಪ್ರಶ್ನೆ ಕೆಟ್ಟವಲ್ಲ ಕಣೇ. ಕೇಳಿದೋರು ಕೆಟ್ಟವರು."

(ಈ ಸೂಕ್ಷ್ಮ ಅವರಿಗೆ ಹೊಳೆಯಲಿಲ್ಲ. ನಿಮಗಾದರೂ ಹೊಳೆದೀತೆಂದು ನಂಬಿದ್ದೇನೆ.)

ಮೊದಲು ಬಂದವಳು ಬೇಕರಿಯಲ್ಲಿ ಕೆಲಸ ಮಾಡುವವಳು. ಎಷ್ಟು ಹೊತ್ತಿಗೆ ಏಳುತ್ತೀ ಎಂದೆ. ಮೂರೂವರೆಗೆ ಎಂದಳು. ಅಲ್ಲಿಗೆ ಮುಗಿಯಿತು. ಅವಳು ಮೆಟ್ಟಿಲಿಳಿಯುವ ಸದ್ದು ಕೇಳುತ್ತ ಬ್ರೇಕು ಹೊಟ್ಟೆ ಹಿಡಿದುಕೊಂಡಳು. "ದಿನಾ ಬಿಸಿ ಬನ್ನು ತರ್ತೀನಿ ಅಂದ್ಲಲ್ಲೇ!"

"ಅದಕ್ಕೆ ಲಂಚ ಅಂತಾರೆ!" ಎಂದು ಗುಡುಗಿದೆ.

ಎರಡನೆಯವಳು ಸಂಗೀತ ಹೇಳಿಕೊಡುವವಳು. ಹನ್ನೆರಡನೆಯ ಪ್ರಶ್ನೆಗೆ ಬಂದೆ: "ನಿದ್ದೇಲಿ ಮಾತಾಡ್ತೀಯಾ?"

"ನಿದ್ದೇಲಿರೋಳಿಗೆ ಹೇಗ್ರೀ ಗೊತ್ತಾಗತ್ತೆ?"

ನರ್ಸು ಕಿಸಕ್ಕನೆ ನಕ್ಕಳು. ನಾನು ಹೆಸರಿನ ಮುಂದೆ 'ಉದ್ಧಟತನ' ಎಂದು ಬರೆದು ಕಳಿಸಿಕೊಟ್ಟೆ.

ಮೂರನೆಯವಳು ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗಿ. ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡೇ ಬಂದಿದ್ದಳು. ಕೇಳಿದ್ದಕ್ಕೆ ಉತ್ತರ, ಕೇಳದ್ದಕ್ಕೆ ಮೌನ. ಮೂವತ್ತು ಪ್ರಶ್ನೆಗಳಲ್ಲಿ ಒಂದಕ್ಕೂ ತಡವರಿಸಲಿಲ್ಲ. ಕರಡಿನಲ್ಲಿ ಒಂದೂ ತಪ್ಪು ಸಿಗದಿದ್ದರೆ ನನಗೆ ಹೇಗೋ ಆಗುತ್ತದೆ. ಅತ್ತ ಬ್ರೇಕು ಖಾಲಿ ಮಂಚದ ಹಾಸಿಗೆಯನ್ನು ಆಗಲೇ ಬಿಸಿಲಿಗೆ ಎಳೆಯುತ್ತಿದ್ದಳು. ನರ್ಸು ಹಿಂದಿನಿಂದ ಸಾಕು ಸಾಕು ಎಂದು ಕೈಸನ್ನೆ ಮಾಡುತ್ತಿದ್ದಳು. ಆದರೆ ಮೂವತ್ತೊಂದನೆಯದು ಉಳಿದಿತ್ತಲ್ಲ!

"ಈಗಿರೋ ಮನೆ ಯಾಕೆ ಬಿಡ್ತಿದೀಯ?"

ಅವಳು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು. "ಚಿಕ್ಕಮ್ಮನ ಮನೆ ಅದು. ಕೆಲಸದಿಂದ ಬಂದ ತಕ್ಷಣ ದಿನಾ ಹೀಗೇ ನಿಲ್ಲಿಸ್ಕೊಂಡು ಕೇಳ್ತಾರೆ." ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡಳು. "ಕಾಲು ನೋಯ್ತಿದೆ ಅಕ್ಕಾ. ಬರ್ತೀನಿ."

ಹೋಗಿಯೇಬಿಟ್ಟಳು. ಹಾಸಿಗೆಯ ಒಂದು ತುದಿ ಹಿಡಿದುಕೊಂಡೇ ಬ್ರೇಕು ಕೇಳಿದಳು, "ಅವಳಿಗೆ ಕೂತ್ಕೋ ಅಂದ್ಯೇನೇ?"

ನಾಲ್ಕು ಮಂಚದ ಕೋಣೆ. ಮುಕ್ಕಾಲು ಗಂಟೆ ಆ ಹುಡುಗಿ ನಿಂತೇ ಇದ್ದಳು. ನನಗೆ ಒಳಗೆಲ್ಲೋ ಚುರುಕ್ಕೆಂದಿತು. ಚುರುಕ್ಕೆಂದಾಗ ನನಗೆ ಗೊತ್ತಿರುವ ಮದ್ದು ಒಂದೇ, ಸಿಟ್ಟು. "ಕೂತ್ಕೋ ಅಂತ ನೀವು ಹೇಳಬಹುದಿತ್ತಲ್ಲ!"

"ಬಾಯಿ ಹಾಕಬೇಡಿ ಅಂದೋಳು ಯಾರೇ?" ಇಬ್ಬರೂ ಒಟ್ಟಿಗೆ ಕಿರುಚಿದರು.

ಮೂವರೂ ದಡದಡನೆ ಕೆಳಗೋಡಿದೆವು. ರಸ್ತೆಯ ತುಂಬ ಜನ. ಎಲ್ಲರ ಹೆಗಲಿಗೂ ಒಂದೊಂದು ಚೀಲ. ಅವಳು ಮಾತ್ರ ಸಿಗಲಿಲ್ಲ.

ಸಂಜೆ ಐದಕ್ಕೆ ವಾರ್ಡನ್ ಬಂದರು. ಜೊತೆಗೊಂದು ಟ್ರಂಕು. ಬೆತ್ತ ಇರಲಿಲ್ಲ, ಕನ್ನಡಕದ ಮೇಲಿಂದ ನೋಡುವ ನೋಟವೂ ಇರಲಿಲ್ಲ. ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ನಾನು ಆರು ವಾಕ್ಯಗಳ ಭಾಷಣ ಸಿದ್ಧಮಾಡಿಕೊಂಡಿದ್ದೆ. ಮೊದಲ ವಾಕ್ಯದ ಮೊದಲ ಪದ ಹೊರಡುವ ಮುನ್ನವೇ ಅವರು "ಯಾವುದಮ್ಮ ನನ್ನ ಮಂಚ?" ಎಂದರು. ಅವರು ಕೇಳಿದ ಪ್ರಶ್ನೆ ಅದೊಂದೇ. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ತಿನ್ನುತ್ತಿದ್ದ ಬ್ರೇಕು ಗಾಬರಿಯಲ್ಲಿ ತಟ್ಟೆಯನ್ನು ದಿಂಬಿನ ಹಿಂದೆ ಬಚ್ಚಿಟ್ಟಳು. "ಬಚ್ಚಿಡ್ತೀಯಲ್ಲೇ, ನನಗೂ ಒಂಚೂರು ಕೊಡೇ" ಎನ್ನುತ್ತ ಅವರು ಅವಳ ಪಕ್ಕದಲ್ಲೇ ಕಾಲು ಮಡಚಿ ಕೂತರು.

ಎರಡೇ ದಿನಕ್ಕೆ ಅವರು 'ದೊಡ್ಡಮ್ಮ' ಆದರು. ಬ್ರೇಕು ಹಾಡಿದರೆ ಇವರು ತಾಳ ಹಾಕುತ್ತಿದ್ದರು! ಮೂವತ್ತು ವರ್ಷದ ವಾರ್ಡನ್ ಇಷ್ಟು ಸಲೀಸಾಗಿರಲು ಸಾಧ್ಯವೇ? ನನಗೆ ಅನುಮಾನ. ಆದ್ದರಿಂದ ಕೇಳಿದೆ. ಹಗಲು ಎಲ್ಲಿಗೆ ಹೋಗ್ತೀರಿ? ಆ ಸೀಸೆಯಲ್ಲೇನು? ನಿನ್ನೆ ಬಂದ ಕಾಗದ ಯಾರದು? ಕಿಟಕಿ ತೆರೆದದ್ದು ಯಾಕೆ, ಮುಚ್ಚಿದ್ದು ಯಾಕೆ? ದೊಡ್ಡಮ್ಮ ಪ್ರತಿಯೊಂದಕ್ಕೂ ನಗುತ್ತ ಉತ್ತರ ಕೊಟ್ಟರು. ಅಪರಾಧಿಗಳು ಹಾಗೆಲ್ಲ ನಗಬಾರದು.

ಮುಂದಿನ ಭಾನುವಾರ ಅವರು ನನ್ನ ಕೈಗೊಂದು ಅಚ್ಚಾದ ಹಾಳೆ ಕೊಟ್ಟರು.

"ಏನಿದು ದೊಡ್ಡಮ್ಮ?"

"ಅರ್ಜಿ. ಹಾಸ್ಟೆಲಲ್ಲಿ ನನ್ನ ಜಾಗ ಇನ್ನೂ ಖಾಲಿ ಇದೆ, ಯಾರೂ ಸರಿಯಾದೋರು ಸಿಕ್ಕಿಲ್ಲ. ಮೂವತ್ತು ವರ್ಷದಲ್ಲಿ ನನಗೇ ಹೊಳೀದೇ ಇದ್ದ ಪ್ರಶ್ನೆ ನೀನು ಒಂದೇ ವಾರದಲ್ಲಿ ಕೇಳಿದೀಯ ಮಗಳೇ. ಇಂಥ ಪ್ರತಿಭೆ ಅಚ್ಚುಕೂಟದಲ್ಲಿ ಕೊಳೀಬಾರದು. ಅಲ್ಲೇ ಇರೋಕೆ ರೂಮೂ ಕೊಡ್ತಾರೆ. ಒಂದೇ ಮಂಚ."

ಹಾಳೆಯ ಕೆಳಗೆ 'ಅಭ್ಯರ್ಥಿಯ ನಡತೆಯನ್ನು ಬಲ್ಲವರು' ಎಂದಿತ್ತು. ಅಲ್ಲಿ ಎರಡು ಸಹಿ ಆಗಲೇ ಬಿದ್ದಿದ್ದವು. ಒಂದು ನರ್ಸಿನದು, ಇನ್ನೊಂದು ಬ್ರೇಕಿನದು. ತಿರುಗಿ ನೋಡಿದರೆ ಇಬ್ಬರೂ ಕಿಟಕಿಯ ಹೊರಗಿನ ಆಕಾಶವನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದರು.

"ದ್ರೋಹಿಗಳಾ!"

"ಆ ಹುಡುಗಿಗೂ ಒಂದು ಜಾಗ ಬೇಕಲ್ಲ ಕಣೇ" ಎಂದಳು ನರ್ಸು, ಆಕಾಶಕ್ಕೆ. "ಅಂಚೆ ಕಚೇರಿಗೆ ಹೋಗಿ ಹುಡುಕಿದ್ವಿ. ನಿನ್ನ ಮಂಚ ಖಾಲಿಯಾದ ದಿನವೇ ಬರ್ತಾಳಂತೆ."

ಮೈಯೆಲ್ಲ ಉರಿದುಹೋಯಿತು. ಹನ್ನೊಂದು ತಿಂಗಳ ಸಹವಾಸಕ್ಕೆ ಇದೇ ಬೆಲೆಯೇ? ಅನ್ಯಾಯದ ವಿರುದ್ಧ ಹೋರಾಡಲು ಹುಟ್ಟಿದ ನನ್ನನ್ನು, ನನ್ನನ್ನು, ವಾರ್ಡನ್ ಮಾಡುವುದೇ? ಹಾಳೆಯನ್ನು ಹರಿದು ಮುಖದ ಮೇಲೆ ಎಸೆಯಬೇಕೆಂದು ಎರಡೂ ಕೈಯಲ್ಲಿ ಹಿಡಿದೆ. ಚರಿತ್ರೆಯಲ್ಲಿ ಉಳಿಯುವಂಥ ಮಾತೊಂದನ್ನು ಆಡಬೇಕೆಂದು ಬಾಯಿ ತೆರೆದೆ. ಹೊರಬಿದ್ದದ್ದು ಮಾತ್ರ ಇಷ್ಟು:

"ಅಲ್ಲಿ ಗೇಟು ಎಷ್ಟು ಗಂಟೆಗೆ ಹಾಕ್ತಾರೆ?"

"ಅದನ್ನ ವಾರ್ಡನ್ನೇ ತೀರ್ಮಾನ ಮಾಡೋದಮ್ಮ" ಎಂದು ದೊಡ್ಡಮ್ಮ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗಿತ್ತರು.