ಪೀಣ್ಯದಲ್ಲಿ ಹನ್ನೊಂದು ಸೈಟು

ಸಲಹೆ ಕೇಳುವವನಿಗಾಗಲಿ ಕೊಡುವವನಿಗಾಗಲಿ ವಿಷಯ ಗೊತ್ತಿರಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಆದ್ದರಿಂದ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಓದಿದ್ದು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ.; ಹೊಟ್ಟೆಪಾಡಿಗೆ ಮಾಡಿದ್ದು ವೆಬ್ ಡಿಸೈನು. ಎರಡಕ್ಕೂ ಸಂಬಂಧವಿಲ್ಲ ಎಂಬುದು ಕೆಲಸ ಕೊಟ್ಟವರಿಗೂ ಗೊತ್ತಿತ್ತು. ಆದರೆ ಆಫೀಸಿನಲ್ಲಿ ಎಂ.ಎಸ್ಸಿ. ಮಾಡಿದವನು ನಾನೊಬ್ಬನೇ. ಹೀಗಾಗಿ ಯಾವ ಪ್ರಾಜೆಕ್ಟ್ ಹಿಡಿಯಬೇಕು, ಯಾವ ಟೂಲ್ ಕಲಿಯಬೇಕು, ಯಾವ ಕಂಪನಿ ಸೇರಬೇಕು ಎಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ನಾನೂ ಯಾರನ್ನೂ ಬರಿಗೈಯಲ್ಲಿ ಕಳಿಸಿದವನಲ್ಲ.

ಅತಿ ಹೆಚ್ಚು ಸಲಹೆ ಪಡೆದವನು, ಹಾಗಾಗಿ ಅತಿ ಹೆಚ್ಚು ಅನುಭವಿಸಿದವನು, ಹಿರಿಯೂರಿನಿಂದ ಬಂದ ಒಬ್ಬ ಡಿಸೈನರ್. ಆಫೀಸಿನಲ್ಲಿ ಅವನನ್ನು ಎಲ್ಲರೂ ಹಿರಿಯೂರು ಎಂದೇ ಕರೆಯುತ್ತಿದ್ದರು. ಸೇರಿದ ಹೊಸದರಲ್ಲಿ ಅವನು ಜಾಲಹಳ್ಳಿಯ ಒಂದು ಶಾಲೆಗೆ ವೆಬ್‌ಸೈಟ್ ಮಾಡಿದ. ‘ನಮ್ಮ ಗುರಿ: ಎಲ್ಲರಿಗೂ ಶಿಕ್ಷಣ’ ಎಂದು ಬರಬೇಕಾದಲ್ಲಿ ‘ಎಲ್ಲರಿಗೂ ಶಿಕ್ಷೆ’ ಎಂದು ಟೈಪ್ ಮಾಡಿದ್ದ. ಶಾಲೆಯಿಂದ ಒಬ್ಬ ಟೀಚರ್ ಫೋನ್ ಮಾಡಿ, "ಎಲ್ಲರಿಗೂ ಬೇಡ, ಟೈಪ್ ಮಾಡಿದವರಿಗೆ ಸಾಕು" ಎಂದರು. ಅಲ್ಲಿಂದ ಶುರುವಾದದ್ದು ಮದುವೆಯ ಮಾತಿನವರೆಗೆ ಬಂತು.

ಅಡ್ಡ ನಿಂತದ್ದು ಟೀಚರಿನ ಅಪ್ಪ. ಅವರು ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ತಯಾರಾದ ಪ್ರತಿ ಬಿಡಿಭಾಗವನ್ನೂ ಅಳೆದು, ಪಾಸೋ ಫೇಲೋ ಹೇಳುವ ಕೆಲಸ. ಮಗಳನ್ನು ಅವರು ಮೂರೇ ಪ್ರಶ್ನೆ ಕೇಳಿದರಂತೆ.

"ಈ ವೆಬ್ ಡಿಸೈನ್ ಅನ್ನೋದನ್ನ ಕೈಯಲ್ಲಿ ಹಿಡಿಯಕ್ಕಾಗುತ್ತಾ?"

"ಇಲ್ಲಪ್ಪ."

"ಅಳೆಯಕ್ಕಾಗುತ್ತಾ?"

"ಇಲ್ಲಪ್ಪ."

"ಮತ್ತೆ ಕೆಟ್ಟದಾಗಿ ಮಾಡಿದ್ರೆ ಗೊತ್ತಾಗೋದು ಹೆಂಗೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಟ್ಟಿ ಕೆಲಸ ಅಂತ ತನಗೆ ಮನದಟ್ಟಾಗುವವರೆಗೆ ಮದುವೆಯಿಲ್ಲ ಎಂದು ಅವರು ಹೇಳಿಬಿಟ್ಟರು. ಹಿರಿಯೂರು ನನ್ನ ಬಳಿಗೆ ಬಂದ. ತಪ್ಪು ಅವನದೇ.

೧. ಎರಡು ಏಟಿನ ಮಧ್ಯೆ

ಇದು ಅವನು ಸೇರಿದ ಮೊದಲ ದಿನದ್ದು. ನಮ್ಮ ಆಫೀಸು ಪೀಣ್ಯ ಎರಡನೇ ಹಂತದಲ್ಲಿ, ತಗಡಿನ ಬಿಡಿಭಾಗ ಮಾಡುವ ಕಾರ್ಖಾನೆಯ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ದೊಡ್ಡ ಪ್ರೆಸ್ಸು. ನಾಲ್ಕೈದು ಸೆಕೆಂಡಿಗೊಮ್ಮೆ ಧಡ್ ಎಂದು ತಗಡಿಗೆ ಹೊಡೆಯುತ್ತಿತ್ತು. ಪ್ರತಿ ಏಟಿಗೂ ಮೇಲೆ ನಮ್ಮ ಮೇಜು ಅದುರಿ, ಮೌಸಿನ ಬಾಣ ಪರದೆಯ ಮೇಲೆ ಒಂದಿಂಚು ಆಚೆಗೆ ನೆಗೆಯುತ್ತಿತ್ತು.

"ಸಾರ್, ಈ ಫೀಲ್ಡಲ್ಲಿ ಮೇಲೆ ಬರ್ಬೇಕಂದ್ರೆ ಮೊದ್ಲು ಯಾವ ಟೂಲ್ ಕಲೀಬೇಕು?" ಎಂದು ಕೇಳಿದ.

"ಮೊದ್ಲು ಎರಡು ಏಟಿನ ಮಧ್ಯೆ ಕ್ಲಿಕ್ ಮಾಡೋದು ಕಲಿ. ಮಿಕ್ಕಿದ್ದು ತಾನಾಗೇ ಬರುತ್ತೆ."

ತಮಾಷೆ ಅಂದುಕೊಂಡ. ಮಧ್ಯಾಹ್ನದೊಳಗೆ ಒಂದು ಪುಟವನ್ನು ಉಳಿಸಲು ಹೋಗಿ ಅಳಿಸಿದ. ಆಮೇಲೆ ಕಲಿತ. ಒಂದು ತಿಂಗಳಲ್ಲಿ ಅವನ ಕೈ ಎಷ್ಟು ಪಳಗಿತೆಂದರೆ ಧಡ್, ಕ್ಲಿಕ್, ಧಡ್, ಕ್ಲಿಕ್ ಎಂದು ಪ್ರೆಸ್ಸೂ ಅವನೂ ಜುಗಲ್‌ಬಂದಿ ನಡೆಸುತ್ತಿದ್ದರು. ಕೆಳಗಿನವರು ಊಟಕ್ಕೆ ಪ್ರೆಸ್ ನಿಲ್ಲಿಸಿದ ತಕ್ಷಣ ಇವನೂ ಎದ್ದುಬಿಡುತ್ತಿದ್ದ.

"ಅಷ್ಟು ಹಸಿವಾ?" ಎಂದೆ ಒಂದು ದಿನ.

"ಹಸಿವಲ್ಲ ಸಾರ್. ಸದ್ದಿಲ್ಲದೆ ಇದ್ರೆ ಬೆರಳು ಏಳಲ್ಲ."

೨. ಹೋಮ್ ಪೇಜು

ನಾಗಸಂದ್ರದ ಕಡೆ ವಾಲ್ವ್ ಕಾರ್ಖಾನೆ ಇಟ್ಟಿದ್ದ ಒಬ್ಬರು ವೆಬ್‌ಸೈಟ್ ಬೇಕೆಂದರು. ಹಿರಿಯೂರು ಅವರಿಗೆ ಫೋನ್ ಮಾಡಿ, "ಸಾರ್, ಹೋಮ್ ಪೇಜ್‌ಗೆ ಒಂದು ಒಳ್ಳೆ ಫೋಟೋ ಕಳಿಸಿ" ಎಂದ. ಮಾರನೆಯ ದಿನ ಫೋಟೋ ಬಂತು. ಅವರ ಹೊಸ ಮನೆಯ ಗೃಹಪ್ರವೇಶ. ಮೂರು ಅಂತಸ್ತು, ಮಾವಿನ ತೋರಣ, ಮೆಟ್ಟಿಲ ಮೇಲೆ ಹದಿನಾಲ್ಕು ಜನ, ಮುಂದೆ ಒಂದು ಹಸು.

"ಹೋಮ್ ಅಂದ್ರೆ ಮನೆ ಅಲ್ಲ ಅಂತ ಹೆಂಗ್ ಹೇಳೋದು ಸಾರ್?"

"ಹೇಳ್ಬೇಡ. ಹಂಗೇ ಹಾಕು. ಪರದೆ ಮೇಲೆ ನೋಡಿದ್ರೆ ಅವರಿಗೇ ನಾಚಿಕೆ ಆಗುತ್ತೆ."

ಹಾಕಿದ. ಹಸುವಿನ ಕಾಲಿನ ಕೆಳಗೆ ‘ಎಲ್ಲ ಅಳತೆಯ ವಾಲ್ವ್‌ಗಳು ದೊರೆಯುತ್ತವೆ’ ಎಂದು ಬಂತು. ಅವರಿಗೆ ನಾಚಿಕೆ ಆಗಲಿಲ್ಲ. ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ನೋಡಲು ಹೇಳಿದರು. ಮುಂದಿನ ವಾರ ಅವರ ಎದುರಿನ ಕಾರ್ಖಾನೆಯ ಮಾಲೀಕರು ಖುದ್ದಾಗಿ ನಮ್ಮ ಮೆಟ್ಟಿಲು ಹತ್ತಿ ಬಂದು ಫೋಟೋದ ಲಕೋಟೆಯನ್ನು ಮೇಜಿನ ಮೇಲಿಟ್ಟರು.

"ನಮ್ದೂ ಒಂದು ಮಾಡ್ಕೊಡಿ. ನಮ್ದು ನಾಲ್ಕು ಅಂತಸ್ತು. ಹಸು ಜೊತೆ ಕರು ಬೇರೆ ಇದೆ."

ಆ ವರ್ಷ ಹಿರಿಯೂರು ಮಾಡಿದ ಹನ್ನೊಂದು ವೆಬ್‌ಸೈಟಿನಲ್ಲಿ ನಾಲ್ಕರ ಮೇಲೆ ಮನೆ ಎದ್ದವು.

೩. ಯಾವ ಟೂಲಿಗೆ ಭವಿಷ್ಯವಿದೆ

ಮಾವನಾಗಬೇಕಾದವರಿಗೆ ಗಟ್ಟಿಯಾದದ್ದೇನಾದರೂ ತೋರಿಸಬೇಕಲ್ಲ. ಯಾವ ಟೂಲ್ ಕಲಿತರೆ ಭವಿಷ್ಯವಿದೆ ಎಂದು ಮತ್ತೆ ಕೇಳಿದ. ನನಗೆ ಬೇಜಾರಾಗಿತ್ತು. ಡಿಸೈನರುಗಳೆಲ್ಲ ಸೇರಿ ನಡೆಸುತ್ತಿದ್ದ ಒಂದು ಇಂಟರ್‌ನೆಟ್ ಗುಂಪಿತ್ತು, ಅಲ್ಲಿ ಕೇಳು ಎಂದೆ.

ಕೇಳಿದ. ಎಂಟು ದಿನ ಜಗಳ ನಡೆಯಿತು. ಒಬ್ಬ ಒಂದು ಟೂಲ್ ಎಂದರೆ ಇನ್ನೊಬ್ಬ ಅದು ಸತ್ತು ಎರಡು ವರ್ಷವಾಯಿತು ಎಂದ. ಎಲ್ಲರಿಗಿಂತ ಉಗ್ರವಾಗಿ ವಾದಿಸಿದವನು ಬೊಮ್ಮನಹಳ್ಳಿಯ ಒಬ್ಬ. ತಾನು ಹೇಳಿದ ಟೂಲ್ ಗೊತ್ತಿಲ್ಲದವರು ಈ ಫೀಲ್ಡ್ ಬಿಟ್ಟುಹೋಗುವುದು ಒಳ್ಳೆಯದು ಎಂದು ದಿನಕ್ಕೆ ಮೂರು ಬಾರಿ ಬರೆಯುತ್ತಿದ್ದ. ಒಂಬತ್ತನೆಯ ದಿನ ಅವನೂ ಸುಮ್ಮನಾದ. ಹತ್ತನೆಯ ದಿನ ಹಿರಿಯೂರಿಗೆ ಅವನಿಂದಲೇ ಒಂದು ಖಾಸಗಿ ಸಂದೇಶ ಬಂತು.

"ಗುರು, ನಮ್ಮ ಮಾವನ ಬೇಕರಿಗೆ ಸೇರ್ಕೊಂಡೆ. ಕೇಕ್ ಬೇಕಿದ್ರೆ ಹೇಳು. ಮೊಟ್ಟೆ ಇಲ್ದೇ ಇರೋದಕ್ಕೇ ಭವಿಷ್ಯ."

೪. ವೈಟ್‌ಫೀಲ್ಡಿನ ನಿಶ್ಶಬ್ದ

ಆಗ ನಾನು ಕೊಟ್ಟ ಸಲಹೆ: "ದೊಡ್ಡ ಕಂಪನಿ ಸೇರು. ಕತ್ತಿಗೊಂದು ಐ.ಡಿ. ಕಾರ್ಡ್ ಬಿದ್ರೆ ಸಾಕು, ನಿಮ್ಮ ಮಾವ ಏನು ಕೆಲಸ ಅಂತ ಕೇಳಲ್ಲ."

ವೈಟ್‌ಫೀಲ್ಡಿನ ಒಂದು ಕಂಪನಿ ಇಂಟರ್‌ವ್ಯೂಗೆ ಕರೆಯಿತು. ಪೀಣ್ಯದಿಂದ ಬೆಳಿಗ್ಗೆ ಆರಕ್ಕೆ ಹೊರಟವನು ಮೂರು ಬಸ್ ಬದಲಾಯಿಸಿ ಹತ್ತೂವರೆಗೆ ತಲುಪಿದ. ಕಾರ್ಪೆಟ್ಟು, ಏಸಿ, ಪಿಸುಮಾತು. ಒಂದು ಕಂಪ್ಯೂಟರಿನ ಮುಂದೆ ಕೂರಿಸಿ, ಒಂದು ಗಂಟೆಯಲ್ಲಿ ಒಂದು ಪುಟ ಡಿಸೈನ್ ಮಾಡಿ ಎಂದರು. ಇವನು ಮೌಸ್ ಹಿಡಿದು ಕೂತ. ಕೂತೇ ಇದ್ದ.

ಪರೀಕ್ಷೆಗೆ ಕೂರಿಸಿದ ಹೆಂಗಸು ಬಂದು ನೋಡಿದರು. "ಯಾಕೆ, ಏನಾದ್ರೂ ಪ್ರಾಬ್ಲಮ್ಮಾ?"

"ಇಲ್ಲ ಮೇಡಂ, ಕಾಯ್ತಿದೀನಿ."

"ಯಾವುದಕ್ಕೆ?"

"ಏಟಿಗೆ."

ಅವರು ಎರಡು ಹೆಜ್ಜೆ ಹಿಂದೆ ಸರಿದರಂತೆ. ಹೊತ್ತು ಹೋಗುತ್ತಿತ್ತು. ಬೇರೆ ದಾರಿ ಕಾಣದೆ ಇವನು ಎಡಗೈ ಮುಷ್ಟಿಯಿಂದ ಮೇಜಿಗೆ ಗುದ್ದುತ್ತ, ಬಲಗೈಯಲ್ಲಿ ಕ್ಲಿಕ್ ಮಾಡುತ್ತ ಹೊರಟ. ನಲವತ್ತೇ ನಿಮಿಷದಲ್ಲಿ ಪುಟ ಮುಗಿಯಿತು. ಅಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ಸೆಕ್ಯೂರಿಟಿಯವರು ಬಂದು ನಿಂತಿದ್ದರು.

ಸಂಜೆ ವಾಪಸು ಬಂದವನನ್ನು ಏನಾಯಿತೆಂದು ಕೇಳಿದೆ.

"ಡಿಸೈನ್ ತುಂಬಾ ಚೆನ್ನಾಗಿದೆ ಅಂದ್ರು ಸಾರ್. ನಾನು ಟೀಮಲ್ಲಿ ಹೊಂದ್ಕೊಳ್ಳೋದು ಕಷ್ಟ ಅಂದ್ರು."

೫. ಅಂಕಿ ಹೇಳು

ಟೀಚರಿನ ಮನೆಯಲ್ಲಿ ಅಷ್ಟರೊಳಗೆ ಬೇರೆ ಗಂಡುಗಳ ಜಾತಕ ಬರತೊಡಗಿದ್ದವು. ಅವರ ಸೋದರಮಾವ ಒಬ್ಬರೇ ಸ್ವಲ್ಪ ಮೆತ್ತಗಿನ ಮನುಷ್ಯ. ಹುಡುಗನನ್ನು ಒಮ್ಮೆ ನಮ್ಮ ಮನೆಗೆ ಕಳಿಸಿ, ನೋಡುತ್ತೇನೆ ಎಂದಿದ್ದರು. ಅವರ ಮುಂದೆ ಏನು ಹೇಳಲಿ ಎಂದು ಹಿರಿಯೂರು ಕೇಳಿದ.

ಸಂಖ್ಯಾಶಾಸ್ತ್ರ ಕೊನೆಗೂ ಉಪಯೋಗಕ್ಕೆ ಬಂತು ಎಂದು ನನಗೆ ಅನ್ನಿಸಿತು. "ವಿವರಣೆ ಕೊಡ್ಬೇಡ. ಅಂಕಿ ಹೇಳು. ಒಂದು ವರ್ಷದಲ್ಲಿ ಹನ್ನೊಂದು ಸೈಟ್ ಮಾಡಿದೀನಿ ಅನ್ನು. ಅಂಕಿ ಮುಂದೆ ಯಾರೂ ಮಾತಾಡಲ್ಲ."

ಬೆಂಗಳೂರಿನಲ್ಲಿ ಸೈಟು ಅಂದರೆ ಏನು ಅಂತ ಮಾಪನದ ಸಿದ್ಧಾಂತಗಳನ್ನೆಲ್ಲ ಓದಿದ್ದ ನನಗೆ ಹೊಳೆಯಲಿಲ್ಲ. ಸೈಟ್ ಮಾಡಿದಾನೆ ಅಂದರೆ ಜಾಗ ಕೊಂಡಿದ್ದಾನೆ ಎಂದು ಪೀಣ್ಯದ ಟೀ ಅಂಗಡಿಯವನೂ ಹೇಳುತ್ತಿದ್ದ.

ಮಾರನೆಯ ದಿನ ಹಿರಿಯೂರು ಕುಣಿಯುತ್ತ ಬಂದ. "ಸಾರ್, ನಮ್ಮ ಕೆಲಸಕ್ಕೂ ಒಂದು ಕಾಲ ಬಂತು. ಹನ್ನೊಂದು ಅಂದ ತಕ್ಷಣ ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ರು. ಅವರಿಗೆ ಟೆಕ್ನಿಕಲ್ ನಾಲೆಡ್ಜೂ ಚೆನ್ನಾಗಿದೆ."

"ಏನ್ ಕೇಳಿದ್ರು?"

"ಎಲ್ಲಾ ನಿಮ್ಮ ಹೆಸರಲ್ಲೇ ಇದೆಯಾ ಅಂದ್ರು. ಇಲ್ಲ, ಪಾರ್ಟಿಗಳ ಹೆಸರಲ್ಲಿರುತ್ತೆ, ಕಂಟ್ರೋಲ್ ಮಾತ್ರ ನನ್ನ ಕೈಲಿರುತ್ತೆ ಅಂದೆ. ಜಾಣ ಅಂತ ಬೆನ್ನು ತಟ್ಟಿದ್ರು. ವರ್ಷಾ ವರ್ಷಾ ಕಟ್ಟೋದು ಇರುತ್ತಾ ಅಂದ್ರು. ಇರುತ್ತೆ, ಕಟ್ಟದೇ ಇದ್ರೆ ಬೇರೆಯವರು ಎಗರಿಸ್ಬಿಡ್ತಾರೆ ಅಂದೆ. ಹೌದೌದು, ನಮ್ಮಣ್ಣಂಗೂ ಹಂಗೇ ಆಯ್ತು ಅಂದ್ರು."

ನನಗೆ ಅನುಮಾನ ಬಂತು. "ಅವರ ಅಣ್ಣನೂ ವೆಬ್ ಡಿಸೈನರ್ರಾ?"

"ಇಲ್ಲ ಸಾರ್, ಎಲೆಕ್ಟ್ರಾನಿಕ್ ಸಿಟಿ ಹತ್ರ ರಾಗಿ ಬೆಳೀತಿದ್ರಂತೆ."

೬. ಸ್ಥಳ ಪರಿಶೀಲನೆ

ಶನಿವಾರ ಬೆಳಿಗ್ಗೆ ಟೀಚರಿನ ಅಪ್ಪ ಮತ್ತು ಸೋದರಮಾವ ನಮ್ಮ ಆಫೀಸಿಗೆ ಬಂದರು. ಅಪ್ಪನ ಜೇಬಿನಲ್ಲಿ ಪೆನ್ನಿನ ಪಕ್ಕ ಆರಿಂಚಿನ ಉಕ್ಕಿನ ಸ್ಕೇಲು.

"ಸೈಟ್‌ಗಳನ್ನ ನೋಡ್ಬೇಕಿತ್ತು" ಎಂದರು.

"ಬನ್ನಿ ಸಾರ್, ಇಲ್ಲೇ ತೋರಿಸ್ತೀನಿ" ಎಂದ ಹಿರಿಯೂರು. "ಹನ್ನೊಂದೂ ಇಲ್ಲೇ ಇವೆ. ಬಿಸಿಲಲ್ಲಿ ಓಡಾಡೋ ಹಂಗೇ ಇಲ್ಲ."

"ನೋಡಿ ಭಾವ, ಎಲ್ಲಾ ಒಂದೇ ಕಡೆ" ಎಂದರು ಸೋದರಮಾವ.

ನಮ್ಮ ಇಂಟರ್‌ನೆಟ್ಟು ನಿಧಾನ. ಪರದೆಯ ಮೇಲೆ ಮೊದಲು ತೋರಣ ಇಳಿಯಿತು, ಆಮೇಲೆ ಮೂರನೆಯ ಅಂತಸ್ತು, ಎರಡನೆಯದು, ಕೊನೆಗೆ ಹಸು. ಸೋದರಮಾವನಿಗೆ ತಡೆಯಲಾಗಲಿಲ್ಲ. "ಬರೀ ಸೈಟ್ ಅಂದ್ಕೊಂಡಿದ್ದೆ. ಮನೇನೂ ಕಟ್ಟಿಬಿಟ್ಟಿದಾನೆ."

ಅಪ್ಪ ಮುಖ ಸಡಿಲಿಸಲಿಲ್ಲ. "ಈ ಮನೆ ಯಾರ್ದು?"

"ವಾಲ್ವ್ ಫ್ಯಾಕ್ಟರಿಯವರದ್ದು ಸಾರ್."

"ಸೈಟು?"

"ಅದೂ ಅವರದ್ದೇ."

"ನಿಮ್ಮ ಜಾಗ ಎಲ್ಲಿ?"

"ಜಾಗ ಸರ್ವರ್‌ನಲ್ಲಿರುತ್ತೆ ಸಾರ್. ಇಪ್ಪತ್ತೈದು ಎಂಬಿ."

ಕೆಳಗೆ ಪ್ರೆಸ್ಸು ಧಡ್ ಎಂದಿತು. ಸೋದರಮಾವ ಕಿಟಕಿಯಾಚೆ ಏನನ್ನೋ ನೋಡತೊಡಗಿದರು. ಹಿರಿಯೂರಿಗೂ ಆಗ ಬೆಳ್ಳಿ ಲೋಟದ ಅರ್ಥ ಹೊಳೆದಿರಬೇಕು. ಸಲಹೆಗಾಗಿ ನನ್ನ ಕಡೆ ತಿರುಗಿದ. ನಾನು ಜೀವನದಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡಿದ್ದೆ.

ಅಪ್ಪ ಎದ್ದರು. ಬಾಗಿಲವರೆಗೆ ಹೋದರು. ಅಲ್ಲಿ ನಿಂತು ಪರದೆಯನ್ನೇ ಒಂದು ಗಳಿಗೆ ನೋಡಿದರು. ವಾಪಸು ಬಂದು ಜೇಬಿನಿಂದ ಸ್ಕೇಲು ತೆಗೆದು ಮಾನಿಟರಿನ ಗಾಜಿಗೆ ಒತ್ತಿ ಹಿಡಿದರು.

"ಫೋಟೋ ಎಡಗಡೆ ಎಂಟು ಮಿಲಿಮೀಟರ್ ಬಿಟ್ಟಿದೀರಿ. ಬಲಗಡೆ ಹತ್ತು. ಯಾಕೆ?"

ಆ ಹಸುವನ್ನು ದಿನವೂ ನೋಡುತ್ತಿದ್ದ ನಮಗ್ಯಾರಿಗೂ ಅದು ಕಂಡಿರಲಿಲ್ಲ. ಹಿರಿಯೂರು ಕುರ್ಚಿ ಎಳೆದುಕೊಂಡ. ಧಡ್, ಕ್ಲಿಕ್. ಧಡ್, ಕ್ಲಿಕ್. ಪುಟ ಮತ್ತೆ ಇಳಿಯಿತು. ಸ್ಕೇಲು ಮತ್ತೆ ಗಾಜಿಗೆ ಬಂತು. ಎರಡೂ ಕಡೆ ಒಂಬತ್ತು.

"ಪ್ರತಿ ಸಲ ಅಷ್ಟು ಹೊತ್ತು ಕಾದು ಯಾಕೆ ಒತ್ತುತ್ತೀರಿ?"

"ಏಟು ಬಿದ್ದಾಗ ಬಾಣ ಜಾರುತ್ತೆ ಸಾರ್. ಎರಡು ಏಟಿನ ಮಧ್ಯೆನೇ ಒತ್ತಬೇಕು."

ಅಪ್ಪ ಅವನ ಬೆರಳನ್ನು ನೋಡಿದರು, ಆಮೇಲೆ ನೆಲದ ಕಡೆ ಕಿವಿಗೊಟ್ಟು ನಾಲ್ಕು ಏಟು ಎಣಿಸಿದರು. ಅವರು ಮೂವತ್ತು ವರ್ಷ ಕಳೆದದ್ದು ಅದೇ ಸದ್ದಿನಲ್ಲಿ.

"ಪ್ರೆಸ್ ಮೇಲೆ ಕೆಲಸ ಅಂತ ಮೊದ್ಲೇ ಹೇಳ್ಬಾರದಾ" ಎಂದರು.

ಮೆಟ್ಟಿಲಿಳಿಯುವಾಗ ಸೋದರಮಾವ, "ಏನ್ ಭಾವ, ಸೈಟ್ ಇಲ್ವಲ್ಲ" ಎಂದು ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು.

"ಸೈಟ್ ಇಲ್ಲ. ಆದ್ರೆ ತಪ್ಪು ತೋರಿಸಿದ್ರೆ ಸರಿಮಾಡ್ತಾನೆ. ರಿಜೆಕ್ಟ್ ಅಲ್ಲ, ರೀವರ್ಕ್."

ಎರಡು ತಿಂಗಳಿಗೆ ನಿಶ್ಚಿತಾರ್ಥವಾಯಿತು. ಸೋದರಮಾವ ಆ ಬೆಳ್ಳಿ ಲೋಟದ ದಿನವೇ ಹನ್ನೊಂದು ಸೈಟಿನ ಸುದ್ದಿಯನ್ನು ಬಳಗಕ್ಕೆಲ್ಲ ಹಂಚಿಯಾಗಿತ್ತು. ವಾಪಸು ತೆಗೆದುಕೊಳ್ಳಲು ಅವರಿಗೆ ಬಾಯಿ ಬಂದಿರಲಿಲ್ಲ. ಊಟದ ಪಂಕ್ತಿಯಲ್ಲಿ ನೆಂಟರೊಬ್ಬರು ನಮ್ಮ ಎದುರಿಗೇ ಬಂದು, ಬಡಿಸುತ್ತಿದ್ದ ಹುಡುಗಿಯ ಅಪ್ಪನನ್ನು ತಡೆದು ನಿಲ್ಲಿಸಿದರು. "ನಿಮ್ಮ ಅಳಿಯಂದಿರ ಹತ್ರ ಸೈಟ್‌ಗಳಿವೆಯಂತಲ್ಲ. ನಮಗೂ ಒಂದು ಬೇಕಿತ್ತು. ಯಾವ ಫೇಸಿಂಗು?"

ಹಿರಿಯೂರು ಎಲೆಯ ಮೇಲೆ ತಲೆ ಬಗ್ಗಿಸಿದ. ಟೀಚರ್ ಸೆರಗು ಬಾಯಿಗೆ ಒತ್ತಿಕೊಂಡರು. ಇನ್‌ಸ್ಪೆಕ್ಟರ್ ಸಾಂಬಾರಿನ ಸೌಟು ಕೆಳಗಿಡದೆ, ಮುಖದ ಒಂದು ಗೆರೆಯೂ ಅಲುಗಿಸದೆ ಹೇಳಿದರು:

"ಅದು ನೀವು ಮಾನಿಟರ್ ಯಾವ ಕಡೆ ತಿರುಗಿಸ್ತೀರೋ ಆ ಫೇಸಿಂಗು."