ಭಾವನವರ ಹೃದಯದ ಎರಡು ಫೋಟೋ

ತಮಗಾದ ಹಾರ್ಟ್ ಅಟ್ಯಾಕನ್ನು ವಾದ ಮಾಡಿಯೇ ಸೋಲಿಸಲು ಹೊರಟವರನ್ನು ನೀವು ನೋಡಿದ್ದೀರಾ? ನಮ್ಮಲ್ಲೊಬ್ಬರಿದ್ದಾರೆ, ನನ್ನ ಅಕ್ಕನ ಗಂಡ. ಕುರ್ಲಾ ಸ್ಟೇಷನ್ನಿನ ಸೇತುವೆಯ ಮೇಲೆ ಎದೆ ಹಿಡಿದು ಕುಸಿದಾಗ, ಹೊತ್ತೊಯ್ಯುತ್ತಿದ್ದವರಿಗೆ "ಇದು ಗ್ಯಾಸು, ಒಂದು ಸೋಡಾ ಸಾಕು" ಎಂದು ಅಪ್ಪಣೆ ಕೊಡಿಸಿದ ಮಹಾನುಭಾವರು. ಇಸಿಜಿ ತೋರಿಸಿದ ಡಾಕ್ಟರಿಗೆ, "ನಿಮ್ಮ ಮೆಷಿನ್ ರಿಪೇರಿಗೆ ಬಂದಿದೆ" ಎಂದರು.

ಒಂದೂವರೆ ತಿಂಗಳ ಮೇಲೆ ಥಾಲಿಯಂ ಪರೀಕ್ಷೆ ನಿಗದಿಯಾಯಿತು. ಟ್ರೆಡ್‌ಮಿಲ್ ಮೇಲೆ ನಡೆಸಿ, ರಕ್ತಕ್ಕೆ ಒಂದಿಷ್ಟು ವಿಕಿರಣದ ಮದ್ದು ಚುಚ್ಚಿ, ಹೃದಯದ ಫೋಟೋ ತೆಗೆಯುತ್ತಾರೆ. ಮದ್ದು ತಲುಪದ ಜಾಗ ಖಾಲಿ ಕಾಣುತ್ತದೆ. ನಾಲ್ಕು ಗಂಟೆ ಬಿಟ್ಟು ಇನ್ನೊಂದು ಫೋಟೋ. ಖಾಲಿ ಜಾಗ ತುಂಬಿದ್ದರೆ ಅಲ್ಲಿ ಜೀವವಿದೆ, ಆಪರೇಷನ್ ಮಾಡಿ ಉಳಿಸಬಹುದು. ತುಂಬದಿದ್ದರೆ ಆ ಭಾಗ ಸತ್ತಿದೆ, ಮಾಡುವುದೇನೂ ಇಲ್ಲ. ಅಕ್ಕ ಇದನ್ನು ನನ್ನಿಂದ ಮೂರು ಸಲ ಹೇಳಿಸಿಕೊಂಡಳು. ಭಾವನವರ ದುಃಖವೇ ಬೇರೆ: ಹಿಂದಿನ ದಿನದಿಂದ ಕಾಫಿ ಬಂದ್.

"ಕಾಫಿ ಇಲ್ದೆ ತೆಗೆದ್ರೆ ಅದು ನನ್ನ ಹೃದಯವೇ ಅಲ್ಲ ಕಣಯ್ಯ, ಬೇರೆ ಯಾವನದೋ."

"ಬೇರೆಯವನದಾದ್ರೆ ಚೆನ್ನಾಗಾದ್ರೂ ಇದ್ದೀತು, ನಡೀರಿ," ಎಂದಳು ಅಕ್ಕ.

ಮೊದಲ ಫೋಟೋದಲ್ಲಿ ಕೆಳಭಾಗ ಖಾಲಿ. ಹೊರಗೆ ಕಳಿಸುವಾಗ ಟೆಕ್ನಿಷಿಯನ್, "ಅಂಕಲ್, ಆಜ್ ಛೋಟೇ ಬಚ್ಚೇ ಕೋ ಮತ್ ಉಠಾನಾ," ಎಂದ. ಮೈಯಲ್ಲಿ ಇನ್ನೂ ವಿಕಿರಣವಿದೆ, ಇವತ್ತು ಚಿಕ್ಕ ಮಗುವನ್ನು ಎತ್ತಿಕೊಳ್ಳಬೇಡಿ, ಅಷ್ಟೆ. ಮೂವತ್ತು ವರ್ಷ ಅಕ್ಕನ ಮಡಿಯನ್ನು ಗೇಲಿ ಮಾಡಿದ ಈ ವಿಚಾರವಾದಿ ಆ ಒಂದು ಮಾತಿಗೆ ಅಪ್ಪಟ ಮೈಲಿಗೆ ಆಚರಿಸತೊಡಗಿದರು! ಮೂಲೆಯ ಬೆಂಚು ಹಿಡಿದರು. ಮೊಸರನ್ನದ ಡಬ್ಬಿಯನ್ನು ಅಕ್ಕ ನೆಲದ ಮೇಲಿಟ್ಟು ಹಿಂದೆ ಸರಿಯಬೇಕು.

"ದೂರ ನಿಲ್ಲೇ, ಸೆರಗು ತಾಗೀತು."

"ಸ್ನಾನ ಮಾಡಿದ್ರೆ ಹೋಗಲ್ವೇನ್ರೀ?"

"ಇದೇನು ನಿಮ್ಮಮ್ಮನ ಮನೆ ಮೈಲಿಗೆಯೇ? ಇದು ಅಣು."

ಅದೇ ಮದ್ದು ಚುಚ್ಚಿಸಿಕೊಂಡ ಗುಜರಾತಿ ಸೇಠ್ ಒಬ್ಬರು ಹೆಂಡತಿಯ ಹೆಗಲಿಗೊರಗಿ ಗೊರಕೆ ಹೊಡೆಯುತ್ತಿದ್ದರು. ಪಾಪ, ಭಾವನವರು ಅವರನ್ನೂ ಎಬ್ಬಿಸಿ ಹೆಂಡತಿಯಿಂದ ದೂರ ಕೂರಿಸಿದರು.

ಎರಡನೆಯ ಫೋಟೋ ಆಯಿತು. ಡಾಕ್ಟರು ಎರಡೂ ಫಿಲ್ಮುಗಳನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡಿದರು. ಖಾಲಿಯಿದ್ದ ಜಾಗ ಬಹುಪಾಲು ತುಂಬಿದೆ, ಜೀವವಿದೆ, ಆಪರೇಷನ್ ಮಾಡಬಹುದು ಎಂದರು. ಇನ್ನು ಭಾವನವರ ಅಡ್ಡಪ್ರಶ್ನೆಗಳು ಶುರುವಾದವು ಎಂದು ನಾನು ಕುರ್ಚಿ ಎಳೆದುಕೊಂಡು ಕುಳಿತೆ.

ಅವರೋ ಎದ್ದು ಹೋಗಿ, ಬಾಗಿಲಲ್ಲೇ ನಿಂತಿದ್ದ ಅಕ್ಕನ ಮುಂಗೈ ಹಿಡಿದು ದೀಪದ ಮುಂದೆ ಕರೆತಂದರು.

"ಇವಳಿಗೆ ಇನ್ನೊಂದ್ಸಲ ಹೇಳಿ, ಡಾಕ್ಟ್ರೇ. ತುಂಬಾ ಹೆದರಿದ್ದಾಳೆ," ಎಂದರು.

ಹಾಗೆಂದು ಅವಳ ಮುಂಗೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡದ್ದು ಅವರೇ. ಅಕ್ಕ ಅದನ್ನು ಬಿಡಿಸಿಕೊಳ್ಳದೆ, ಅರ್ಥವಾಗದ ಆ ಫಿಲ್ಮನ್ನು ಬಹಳ ಹೊತ್ತು ನೋಡುತ್ತ ನಿಂತಳು.